ಕೊಂಬೆಗೆ ಕಟ್ಟಿದ ಕುಂಡ

ರಾಯಕೋಟೆಗೆ ಬಂದು ಬರೀ ಮುನಿಯಲ್ಲಪ್ಪ ಎಂದು ಕೇಳಿದರೆ, ಯಾವ ಮುನಿಯಲ್ಲಪ್ಪ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಕಸಿ ಮುನಿಯಲ್ಲಪ್ಪ ಎಂದರೆ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಮನೆ ತೋರಿಸಲು ಎದ್ದು ಬರುತ್ತಾನೆ. ಮೀಸೆ ಮೂಡಿದಾಗಿನಿಂದ ಮಾವಿನ ಕಸಿ ಕಟ್ಟಿದ ಕೈ ಅದು. ಕೃಷ್ಣಗಿರಿ ಸುತ್ತಿನ ನರ್ಸರಿಗಳಲ್ಲಿ ಅವನು ಕಟ್ಟಿಕೊಟ್ಟ ಗಿಡಗಳು ಎಲ್ಲೆಲ್ಲಿಗೋ ಹೋಗಿ ತೋಪಾಗಿವೆ. ಆ ತೋಪುಗಳು ಎಲ್ಲಿವೆ ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅವನಿಗೆ ಅನ್ನಿಸಿಯೂ ಇಲ್ಲ.

ಅವನ ಹೆಂಡತಿ ಸಾಕಮ್ಮ ಗುಮ್ಮಳಾಪುರದ ಹೆಣ್ಣು. ರಾಯಕೋಟೆ ಬಸ್ ನಿಲ್ದಾಣದ ಎದುರು ಗೋಣಿತಾಟು ಹಾಸಿ ಕೂತು ಹೂ ಕಟ್ಟಿ ಮಾರುತ್ತಾಳೆ. ಮಲ್ಲಿಗೆ ಬರಲಿ, ಕಾಕಡ ಬರಲಿ, ಬುಟ್ಟಿ ಇಳಿದ ಕೂಡಲೇ ಒಂದು ಹಿಡಿ ತೆಗೆದು ಮೂಸಿ ನೋಡುವುದು ಅವಳ ರೂಢಿ. ಮೂಸಿದ ಹೂವು ದೇವರಿಗಾಗುವುದಿಲ್ಲವಲ್ಲ, ಆ ಹಿಡಿಯನ್ನು ಬೇರೆ ಇಟ್ಟು ತನ್ನ ಮುಡಿಗೇ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಒಂದು ಮಾತು ಬಂದೇ ಬರುತ್ತಿತ್ತು: “ಏನೇ ಅನ್ನು, ನಮ್ಮಪ್ಪನ ಮನೆ ಕೆಂಡಸಂಪಿಗೆ ಮುಂದೆ ಇವೆಲ್ಲಾ ಸೊಪ್ಪು.” ಮದುವೆಯಾದ ಹೊಸದರಲ್ಲಿ ಈ ಮಾತು ಕೇಳಿದರೆ ಮುನಿಯಲ್ಲಪ್ಪನ ಮೈ ಉರಿಯುತ್ತಿತ್ತು. ಊರೆಲ್ಲ ಗಿಡ ಕೊಟ್ಟವನ ಹೆಂಡತಿ ಅಪ್ಪನ ಮನೆಯ ಒಂದು ಮರವನ್ನು ತಲೆ ಮೇಲೆ ಹೊತ್ತು ತಿರುಗಿದರೆ ಯಾವ ಗಂಡನಿಗೆ ಚೆನ್ನಾಗಿರುತ್ತದೆ? ಬರಬರುತ್ತಾ ಆ ಮಾತು ಗಡಿಯಾರದ ಸದ್ದಿನಂತೆ ಕಿವಿಗೆ ಬೀಳದಂತಾಯಿತು.

ಮರವನ್ನು ಮಾತ್ರ ಹೊಗಳದೆ ವಿಧಿಯಿಲ್ಲ. ಸಂಪಿಗೆ ನಮ್ಮ ಈ ಕಲ್ಲುಬಂಡೆಯ ಸೀಮೆಯ ಮರವೇ ಅಲ್ಲ. ಮಳೆ ಹಿಡಿದರೆ ಬಿಡದ ಘಟ್ಟದ ಕಾಡಿನದು. ಸಾಕಮ್ಮನ ತಾತ ಮರ ಸಾಗಿಸುವ ಗಾಡಿ ಹೊಡೆಯುತ್ತ ಆ ಕಡೆ ಹೋದವನು ಒದ್ದೆ ಗೋಣಿಯಲ್ಲಿ ಒಂದು ಸಸಿ ಸುತ್ತಿಕೊಂಡು ಬಂದು ಹಿತ್ತಿಲ ಬಾವಿಯ ಪಕ್ಕ ನೆಟ್ಟನಂತೆ. ಬಚ್ಚಲ ನೀರೂ ಎತ್ತಿನ ಮೈ ತೊಳೆದ ನೀರೂ ಅಲ್ಲಿಗೇ ಹರಿಯುತ್ತಿದ್ದವು. ಮರಕ್ಕೆ ಅದೇ ಘಟ್ಟವಾಯಿತು. ಸಂಪಿಗೆಗೆ ಹಾವು ಬರುತ್ತದೆ ಎಂದು ಊರವರು ಹೆದರಿಸಿದ್ದರು. ಹಾವನ್ನು ಯಾರೂ ಕಾಣಲಿಲ್ಲ, ಹಕ್ಕಿಗಳು ಮಾತ್ರ ಸಂತೆ ನೆರೆದ ಹಾಗೆ ಬಂದವು. ಕಾಯಿ ಒಡೆದು ಕೆಂಪು ಬೀಜ ಕಾಣಿಸಿಕೊಂಡರೆ ಕುಟ್ರುಹಕ್ಕಿ, ಪಿಕಳಾರ, ಗೊರವಂಕಗಳ ಜಗಳದಲ್ಲಿ ಮನೆಯೊಳಗೆ ಮಾತು ಕೇಳುತ್ತಿರಲಿಲ್ಲ. ಹೂ ಬಿಟ್ಟ ದಿನಗಳಲ್ಲಿ ಕೇರಿಯ ಹೆಂಗಸರೆಲ್ಲ ನೀರು ಸೇದುವ ನೆಪದಲ್ಲಿ ಆ ಬಾವಿಗೇ ಬರುತ್ತಿದ್ದರು.

ಆ ಕೆಟ್ಟ ಜ್ವರ ಊರೂರಿಗೆ ಬಂದ ವರ್ಷ ಸಾಕಮ್ಮನಿಗೂ ಬಂತು. ಬದುಕಿ ಎದ್ದಳು, ಅದೇ ಪುಣ್ಯ. ಮತ್ತೆ ಬುಟ್ಟಿ ಹಿಡಿದು ಬಸ್ ನಿಲ್ದಾಣಕ್ಕೆ ಹೋದಳು, ಮತ್ತೆ ಒಂದು ಹಿಡಿ ಹೂ ತೆಗೆದು ಮೂಗಿಗೆ ಹಿಡಿದಳು. ಆದರೆ ಅದಾದ ಮೇಲೆ ಬರಬೇಕಾದ ಮಾತು ಬರಲಿಲ್ಲ. ಇಂದು ಬರಲಿಲ್ಲ, ನಾಳೆಯೂ ಬರಲಿಲ್ಲ. ಸದ್ದು ನಿಂತ ಮೇಲೆಯೇ ಅಲ್ಲವೇ ಗಡಿಯಾರದ ನೆನಪಾಗುವುದು. ಏನೋ ಬೇಸರ ಇರಬೇಕೆಂದು ಮುನಿಯಲ್ಲಪ್ಪ ಸುಮ್ಮನಿದ್ದ.

ಗುಟ್ಟು ರಟ್ಟಾದದ್ದು ಸೊಸೆ ಮೇಘಶ್ರೀಯಿಂದ. ಮಗ ವೆಂಕಿ ಹೊಸೂರಿನ ಕಂಪನಿ ಬಸ್ಸಿಗೆ ಹೊರಟ ಮೇಲೆ ಅವಳು ಬಟ್ಟೆ ಒಗೆಯಲು ಹೋಗಿದ್ದಳು. ಬರುವಷ್ಟರಲ್ಲಿ ಒಲೆಯ ಮೇಲೆ ಹಾಲು ಸೀದು ಕರಕಲಾಗಿ ಮನೆಯೆಲ್ಲ ಕಮರು ವಾಸನೆ. ಸಾಕಮ್ಮ ಒಲೆಗೆ ಬೆನ್ನು ಮಾಡಿ, ಮೊಳ ದೂರದಲ್ಲಿ, ನೆಮ್ಮದಿಯಾಗಿ ಕನಕಾಂಬರ ಕಟ್ಟುತ್ತಾ ಕೂತಿದ್ದಳು. ಮೇಘಶ್ರೀ ಪಾತ್ರೆ ಉಜ್ಜಿಟ್ಟು ಮಾವನ ಹತ್ತಿರ ಬಂದಳು. “ಮಾವ, ಅತ್ತೆಗೆ ವಾಸ್ನೆ ಗೊತ್ತಾಗ್ತಿಲ್ಲ. ಜ್ವರ ಬಂದ ಎಷ್ಟೋ ಜನಕ್ಕೆ ಹಿಂಗಾಗದೆ. ಚೆನ್ನಾಗ್ ಗುರುತಿರೋ ವಾಸ್ನೆನ ದಿನಾ ಮೂಸ್ತಾ ಇದ್ರೆ ಕೆಲವ್ರಿಗೆ ವಾಪಸ್ ಬತ್ತದೆ ಅಂತ ಆಸ್ಪತ್ರೇಲಿ ಡಾಕ್ಟ್ರು ಹೇಳ್ತಿದ್ರು.”

ಹೂವಿನ ಮಧ್ಯೆ ಕೂತು ಹೂವು ಮಾರುವವಳು, ಅಷ್ಟು ದಿನದಿಂದ ಬರೀ ಬಣ್ಣ ನೋಡಿ ಕಟ್ಟುತ್ತಿದ್ದಾಳೆ, ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹೂವಾಡಗಿತ್ತಿಗೆ ಮೂಗಿಲ್ಲವಂತೆ ಎಂದು ನಾಲ್ಕು ಜನ ನಗುತ್ತಾರೆಂಬ ಅಂಜಿಕೆಯೋ, ಹೇಳಿದರೆ ಅದೇ ನಿಜವಾಗಿಬಿಡುತ್ತದೆಂಬ ಭಯವೋ. ಚೆನ್ನಾಗಿ ಗುರುತಿರುವ ವಾಸನೆ ಯಾವುದು ಎಂದು ಮುನಿಯಲ್ಲಪ್ಪ ಯೋಚಿಸಬೇಕಾಗಿರಲಿಲ್ಲ. ಹೊಸೂರಿಗೆ ಹೋಗಿ ಹೂವಿನ ಮಂಡಿಯಿಂದ ಒಂದು ಪೊಟ್ಟಣ ಕೆಂಡಸಂಪಿಗೆ ತಂದು ಅವಳ ಮಡಿಲಿಗೆ ಹಾಕಿದ. ಸಾಕಮ್ಮ ಮೂಸಿ, “ಹೂವು ಚೆನ್ನಾಗದೆ” ಎಂದು ಮಡಚಿಟ್ಟಳು. ಅದು ಯಾವುದೋ ಮರದ್ದು, ಅವಳ ಮರದ್ದೇ ಆಗಬೇಕು ಎಂದು ಮುನಿಯಲ್ಲಪ್ಪ ತನಗೆ ತಾನೇ ಹೇಳಿಕೊಂಡ.

ಅವಳ ಮರ ಎಂದರೆ ಅವಳ ತಮ್ಮ ಬೋರಯ್ಯನ ಹಿತ್ತಿಲು. ಅಲ್ಲೇ ಇದ್ದದ್ದು ತೊಡಕು. ಮುನಿಯಲ್ಲಪ್ಪ ಆ ಮನೆಯ ಹೊಸಿಲು ತುಳಿದು ಒಂದು ತಲೆಮಾರೇ ಆಗಿತ್ತು.

ಜಗಳದ ಮೂಲ ಒಂದು ಮಾವಿನ ಗಿಡ. ಹಿಂದೊಮ್ಮೆ ಮುನಿಯಲ್ಲಪ್ಪ ತನ್ನ ಕೈಯಾರೆ ಕಟ್ಟಿದ ಮಲಗೋವಾ ಕಸಿಯನ್ನು ಬೋರಯ್ಯನಿಗೆ ತಂದುಕೊಟ್ಟಿದ್ದ. ಬೋರಯ್ಯ ನೀರು ಹಾಕಿದ, ಗೊಬ್ಬರ ಹಾಕಿದ, ವರ್ಷಗಟ್ಟಲೆ ಕಾದ. ಮೊದಲ ಫಸಲು ಬಂದಾಗ ನೆಂಟರನ್ನೆಲ್ಲ ಕರೆದು ಹಣ್ಣು ಕೊಯ್ದು ಹಂಚಿದ. ತಿಂದವರ ಮುಖವೆಲ್ಲ ಸೊಟ್ಟಗಾಯಿತು. ಹುಳಿ ಎಂದರೆ ಹುಳಿ, ಹಲ್ಲು ಜುಮ್ಮೆನ್ನುವ ಹುಳಿ. “ಭಾವ ನಂಗೆ ಕಾಡು ಮಾವು ಕೊಟ್ಟು ಟೋಪಿ ಹಾಕವ್ನೆ” ಎಂದ ಬೋರಯ್ಯ. ಮುನಿಯಲ್ಲಪ್ಪ ಗಿಡದ ಬುಡ ಕೆದಕಿ ನೋಡಿದ: ಎಳೆಯದಿದ್ದಾಗ ಮೇಕೆ ತುದಿ ಮೇಯ್ದಿದೆ, ಕಸಿಯ ಭಾಗ ಸತ್ತು, ಕಸಿ ಕಟ್ಟಿದ ಗಂಟಿನ ಕೆಳಗಿನ ಕಾಡುಸಸಿ ಚಿಗುರಿ ಮರವಾಗಿದೆ. “ನಿನ್ ಮೇಕೆ ಮಲಗೋವಾ ತಿಂದ್ಬುಡ್ತು ಕಣ್ಲಾ, ನೀನು ಉಳಿದಿದ್ದಕ್ ನೀರು ಹಾಕ್ದೆ” ಎಂದ. ನೆಂಟರೆಲ್ಲ ನಕ್ಕರು. ನಕ್ಕಿದ್ದು ಯಾರನ್ನು ನೋಡಿ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಇಬ್ಬರೂ ತನ್ನನ್ನೇ ಎಂದುಕೊಂಡರು, ಅಲ್ಲಿಗೆ ಮಾತು ನಿಂತಿತು. ಸಾಕಮ್ಮ ಹಬ್ಬಕ್ಕೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಹೊಸೂರಿನಿಂದ ಹೂ ತಂದ ಕೆಲವೇ ದಿನಕ್ಕೆ ಬೋರಯ್ಯನ ಹೆಂಡತಿ ಕಮಲಮ್ಮ ಫೋನು ಮಾಡಿದಳು. ಬಾವಿ ಬತ್ತಿದ ಮೇಲೆ ಮರ ತುದಿಯಿಂದ ಒಣಗುತ್ತಾ ಬಂದಿದೆ, ಎರಡು ವರ್ಷದಿಂದ ಒಂದು ಹೂವೂ ಬಿಟ್ಟಿಲ್ಲ, ಮೊನ್ನೆ ಕೊಂಬೆ ಮುರಿದು ಕೊಟ್ಟಿಗೆ ಮೇಲೆ ಬಿತ್ತು, ಬಡಗಿಗೆ ಹೇಳಿದ್ದಾರೆ, ಕಡಿಸುತ್ತಾರೆ ಎಂದಳು. “ಬುಡು, ಮರ ಅಂದ್ಮೇಲೆ ಒಂದಿನ ಬೀಳ್ದೆ ಇರ್ತದಾ” ಎಂದು ಸಾಕಮ್ಮ ಫೋನು ಇಟ್ಟಳು. ಇಟ್ಟವಳು ಎದ್ದು ಹೋಗಿ, ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಮತ್ತೆ ತೊಳೆದಳು.

ಮಾರನೆಯ ಬೆಳಿಗ್ಗೆ ಮುನಿಯಲ್ಲಪ್ಪ ಕಸಿಚಾಕು, ಪ್ಲಾಸ್ಟಿಕ್ ಪಟ್ಟಿ, ಎರಡು ಮಣ್ಣಿನ ಕುಂಡ ಚೀಲಕ್ಕೆ ಹಾಕಿಕೊಂಡು ಹೊರಟ. ಹೊಸೂರು, ತಳಿ ಎಂಬ ಊರುಗಳಲ್ಲಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಗುಮ್ಮಳಾಪುರ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಬೋರಯ್ಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದ.

“ಯಾರು?” ಎಂದ, ಯಾರೆಂದು ಚೆನ್ನಾಗಿಯೇ ಕಾಣುತ್ತಿದ್ದರೂ.

“ನಾನೇ ಕಣ್ಲಾ.”

“ಓ, ಭಾವನಾ? ಏನ್ ಭಾವ, ದಾರಿ ತಪ್ತಾ?”

“ಮರ ನೋಡಾಣ ಅಂತ ಬಂದೆ.”

“ಮರ ನೋಡಕ್ ಬಂದೋರು ಚೀಲದಾಗೆ ಕುಂಡ ಹಾಕ್ಕೊಂಡ್ ಬತ್ತಾರಾ? ಈಸಲ ಯಾವ್ ಗಿಡ ಕೊಟ್ಟೀಯ, ಅದೂ ಹುಳೀನಾ?”

ಮುನಿಯಲ್ಲಪ್ಪನ ನಾಲಿಗೆ ತುದಿಗೆ ಮೇಕೆಯ ಮಾತು ಬಂತು. ನುಂಗಿಕೊಂಡ. ಜಗಲಿಯ ಅಂಚಿಗೆ ಕೂತು, “ನಿಮ್ಮಕ್ಕಂಗೆ ವಾಸ್ನೆ ಹೋಗ್ಬುಟ್ಟದೆ ಕಣ್ಲಾ. ಮಲ್ಲಿಗೆ ಮೂಗಿಗೆ ಹಿಡಿದ್ರೂ ಗೊತ್ತಾಗಾಕಿಲ್ಲ” ಎಂದ.

ಬೋರಯ್ಯನ ಕೈಯಲ್ಲಿ ಹಗ್ಗ ನಿಂತಿತು. “ಯಾವಾಗಿಂದ?”

“ಜ್ವರ ಬಂದಾಗಿಂದ.”

“ನಂಗ್ಯಾರೂ ಹೇಳ್ನಿಲ್ವಲ್ಲ.”

“ಯಾರ್ಗೂ ಹೇಳಿಲ್ಲ ಅವ್ಳು. ನಂಗೂ ಹೇಳಿಲ್ಲ. ಈ ಮರದ ಹೂವು ಮೂಸಿದ್ರೆ ಬಂದಾದು ಅಂತ ನಂಗೊಂದು ಆಸೆ. ಮರ ಹೂ ಬುಡೋ ಕಾಲ ಮುಗೀತು, ಆದ್ರೆ ಕಸಿ ಕಟ್ಟಿದ್ರೆ ಬ್ಯಾರೆ ಬೇರಿನ್ ಮೇಲೆ ಇದೇ ಹೂವು ಬುಡ್ತದೆ. ಮೂರ್ ತಿಂಗ್ಳು ಕಡೀಬೇಡ ಅಂತ ಕೇಳಕ್ ಬಂದೆ.”

ಬೋರಯ್ಯ ಹೊಸೆದಿದ್ದ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ ಒಳಗೆ ಮುಖ ಮಾಡಿ, “ಲೇ ಕಮಲಿ, ಭಾವಂಗೆ ಮುದ್ದೆಗಿಡು” ಎಂದು ಕೂಗಿದ. ರಾಜಿ ಎಂದು ಆದದ್ದು ಅಷ್ಟೇ.

ಕಸಿಗೆ ಬೇರಿನ ಸಸಿ ಬೇಕಲ್ಲ, ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಸಂಪಿಗೆ ಬೀಜ ತಿಂದ ಹಕ್ಕಿಗಳು ಇಷ್ಟು ವರ್ಷವೂ ಪಕ್ಕದ ಹುಳಿಮಾವಿನ ಮೇಲೆ ಕೂತು ಉದುರಿಸಿದ್ದವು. ಅದರ ನೆರಳಿನಲ್ಲಿ ಮೊಳಕಾಲುದ್ದದ ಸಂಪಿಗೆ ಸಸಿಗಳು ಎದ್ದಿದ್ದವು. “ನೋಡು, ನನ್ ಗಿಡ ಕೆಲ್ಸಕ್ ಬಂತು” ಎಂದ ಮುನಿಯಲ್ಲಪ್ಪ. “ನನ್ ಮೇಕೆ ಕೆಲ್ಸಕ್ ಬಂತು ಅನ್ನು” ಎಂದ ಬೋರಯ್ಯ. ಆ ಸಸಿಗಳನ್ನೇ ಒಯ್ದು ನೆಡಬಹುದಿತ್ತು. ಆದರೆ ಬೀಜದ ಗಿಡ ಹೂ ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ, ತಾಯಿಯ ಹೂವನ್ನೇ ಬಿಡುತ್ತದೆಂಬ ಭರವಸೆಯೂ ಇಲ್ಲ. ಅಷ್ಟು ಕಾಯುವ ವಯಸ್ಸು ಅವನದೂ ಅಲ್ಲ, ಸಾಕಮ್ಮನದೂ ಅಲ್ಲ.

ಸಂಪಿಗೆಯನ್ನು ಅವನು ಕಟ್ಟುವ ರೀತಿ ಬೇರೆ. ಕೊಂಬೆ ಕತ್ತರಿಸಿ ತಂದು ಅಂಟಿಸುವುದಲ್ಲ. ಸಸಿಯನ್ನು ಕುಂಡಸಮೇತ ಮರಕ್ಕೆ ಹತ್ತಿಸಿ, ಹಸಿರು ಕೊಂಬೆಯ ಪಕ್ಕದಲ್ಲೇ ಬಿಗಿದು, ಎರಡರ ಸಿಪ್ಪೆಯನ್ನೂ ಸವರಿ, ಗಾಯಕ್ಕೆ ಗಾಯ ಕೂಡಿಸಿ ಪಟ್ಟಿ ಸುತ್ತಬೇಕು. ಎರಡೂ ಬೆಸೆದುಕೊಳ್ಳುವವರೆಗೆ, ತಿಂಗಳುಗಟ್ಟಲೆ, ಕುಂಡ ಮರದ ಮೇಲೇ ಇರಬೇಕು. ದಿನಾ ಹತ್ತಿ ನೀರು ಹಾಕಬೇಕು. ಮುನಿಯಲ್ಲಪ್ಪ ಪಂಚೆ ಮೇಲೆ ಕಟ್ಟಿ ಮರಕ್ಕೆ ಕಾಲಿಟ್ಟದ್ದನ್ನು ನೋಡಿ ಬೋರಯ್ಯ ಓಡಿ ಬಂದ. “ಇಳಿ ಭಾವ, ನೀನ್ ಬಿದ್ ಸತ್ರೆ ನಮ್ಮಕ್ಕ ನನ್ನ ಬದುಕ್ಸಲ್ಲ” ಎಂದವನೇ ಹೊಲಕ್ಕೆ ಹೋದ. ರಾಗಿ ತೆನೆಗಟ್ಟಿದಾಗ ಆನೆ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟುವುದು ಆ ಕಡೆಯ ವಾಡಿಕೆ. ಆ ಅಟ್ಟಣೆಯ ಬಿದಿರುಗಳನ್ನು ಹೊತ್ತು ತಂದು ಸಂಪಿಗೆಯ ಕೆಳಗೊಂಬೆಗೆ ಅಟ್ಟಣೆ ಕಟ್ಟಿ ಏಣಿ ನಿಲ್ಲಿಸಿದ.

ಹೀಗೆ ಎಪ್ಪತ್ತರ ಹತ್ತಿರದ ಮುನಿಯಲ್ಲಪ್ಪ ಮನೆಯಳಿಯನಾದ. ಹಿತ್ತಿಲ ಕಡೆ ಸುಳಿಯುವ ಹೆಂಗಸರಿಗೆ ಇದಕ್ಕಿಂತ ಬೇಕೇ. “ಏನಣ್ಣ, ಮದ್ವೆ ಆದಾಗ ಮೂರ್ ದಿನ ನಿಲ್ನಿಲ್ಲ, ಈಗ ಮರ ಬಿಟ್ಟು ಇಳಿಯಾಕಿಲ್ವಂತೆ” ಎನ್ನುವರು. ಅವನು ನಕ್ಕು ಮಗ್ಗಿನಿಂದ ಕುಂಡಕ್ಕೆ ನೀರು ಹುಯ್ಯುವನು. ಸಾಕಮ್ಮನಿಗೆ ಫೋನಿನಲ್ಲಿ, “ಗಿಡಕ್ಕೆ ಬಂದಿದ್ದೀನಿ, ಕಟ್ಕೊಂಡ್ ಬತ್ತೀನಿ” ಎಂದಷ್ಟೇ ಹೇಳಿದ್ದ. ಯಾಕೆ ಎಂದು ಅವಳೂ ಕೇಳಲಿಲ್ಲ.

ಅಟ್ಟಣೆಯ ಮೇಲೆ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಒಣಗಿದ ತುದಿಕೊಂಬೆಯಲ್ಲಿ ಕುಟ್ರುಹಕ್ಕಿ ತೂತು ಕೊರೆದು ಮರಿ ಮಾಡಿತ್ತು, ಬೇರೊಂದು ಪೊಟರೆಯಲ್ಲಿ ಗೂಬೆಗಳ ಸಂಸಾರ. ಸಾಯುವ ಮರದಲ್ಲೂ ಬಾಡಿಗೆಯವರು ತುಂಬಿದ್ದರು. ಅಲ್ಲಿಂದ ಕೆಳಗೆ ನೋಡಿದರೆ ಪೂರ್ತಿ ಹಿತ್ತಿಲು ಕಾಣುತ್ತಿತ್ತು: ಹಾಳುಬಾವಿಯ ಕಟ್ಟೆ, ಹಗ್ಗ ಉಜ್ಜಿ ತೋಡಾದ ಕಲ್ಲು, ಸಾಕಮ್ಮ ಲಂಗ ಎತ್ತಿ ಕಟ್ಟಿ ಹೂ ಆರಿಸುತ್ತಿದ್ದ ಅಂಗಳ. ಹೆಣ್ಣು ನೋಡಲು ಬಂದ ದಿನ ಅವಳು ಎಲ್ಲಿ ನಿಂತಿದ್ದಳು ಎಂದು ಗುರುತು ಹಚ್ಚಲು ನೋಡುತ್ತಿದ್ದ. ಆಗ ತಾನು ನೆಲ ನೋಡಿಕೊಂಡು ಕೂತು ಮಂಡಕ್ಕಿ ತಿಂದು ಎದ್ದು ಹೋಗಿದ್ದನಲ್ಲ, ಎಲ್ಲವನ್ನೂ ಸರಿಯಾಗಿ ನೋಡಿಕೊಳ್ಳಬೇಕಾಗಿತ್ತು ಎಂದು ಈಗ ಸಂಕಟವಾಗುತ್ತಿತ್ತು. ಸಂಜೆ ಬೋರಯ್ಯನೂ ಏಣಿ ಹತ್ತಿ ಬರುವನು. ಮೇಕೆಯೋ ಕಾಡುಸಸಿಯೋ ಎಂಬ ವಾದ ದಿನಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಇಬ್ಬರೂ ಸೋಲಲಿಲ್ಲ.

ಕಟ್ಟಿದ ಕಸಿಗಳಲ್ಲಿ ಒಂದರ ಕುಂಡ ಆಷಾಢದ ಗಾಳಿಗೆ ಕಳಚಿ ಬಿದ್ದು ಹೋಳಾಯಿತು. ಉಳಿದದ್ದು ಒಂದೇ. ಅದರ ಮೇಲೆ ಮುನಿಯಲ್ಲಪ್ಪನ ಜೀವವೆಲ್ಲ ನಿಂತಿತು. ಬೇರ್ಪಡಿಸುವ ದಿನ ಬಂದಾಗ ಚಾಕುವನ್ನು ಎರಡೆರಡು ಸಲ ಮಸೆದ. ಗಂಟಿನ ಮೇಲೆ ಸಸಿಯ ತುದಿಯನ್ನು ತೆಗೆದ, ಗಂಟಿನ ಕೆಳಗೆ ತಾಯಿಕೊಂಬೆಯನ್ನು ತುಂಡರಿಸಿದ. ಕುಂಡ ಮೊದಲ ಬಾರಿಗೆ ಮರದಿಂದ ಬಿಡಿಸಿಕೊಂಡು ಬೋರಯ್ಯನ ಕೈಗೆ ಬಂತು. ವಾರವಾದರೂ ಎಲೆ ಬಾಡಲಿಲ್ಲ. ಬಡಗಿ ಬಂದು ಮರ ಕಡಿದದ್ದು ಅದಾದ ಮೇಲೆ, ಪೊಟರೆಗಳೆಲ್ಲ ಖಾಲಿಯಾಗಿವೆ ಎಂದು ಬೋರಯ್ಯ ಹತ್ತಿ ನೋಡಿದ ಮೇಲೆ. ಅವತ್ತು ಅಲ್ಲಿರಲು ಮುನಿಯಲ್ಲಪ್ಪನಿಗೆ ಮನಸ್ಸಾಗಲಿಲ್ಲ. ಹಿಂದಿನ ದಿನವೇ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. “ತಾತಾ, ಸೆಡಿಕ್ಕುಂ ಟಿಕೆಟ್ಟಾ?” ಎಂದು ಕಂಡಕ್ಟರು ತಮಿಳಿನಲ್ಲಿ ಕೀಟಲೆ ಮಾಡಿದ. ಗಿಡಕ್ಕೂ ಟಿಕೆಟ್ಟು ಕೊಡು ಎಂದು ಮುನಿಯಲ್ಲಪ್ಪ ನಿಜವಾಗಿಯೂ ಕೈ ಚಾಚಿದ್ದ.

ರಾಯಕೋಟೆಯ ಮನೆಯಲ್ಲಿ ಗಿಡವನ್ನು ಬಚ್ಚಲ ಹಿಂದೆ ನೆಟ್ಟರು. ಗಂಟಿನ ಕೆಳಗೆ ಚಿಗುರು ಕಂಡರೆ ಮುನಿಯಲ್ಲಪ್ಪ ಅಲ್ಲೇ ಚಿವುಟಿ ಹಾಕುವನು. ಮೇಕೆ ಬಾರದಂತೆ ಮುಳ್ಳು ಕಟ್ಟಿದ. ಒಂದು ಬೇಸಿಗೆ ಹೋಯಿತು, ಇನ್ನೊಂದು ಹೋಯಿತು. ಸಾಕಮ್ಮನ ಮೂಗು ಹಾಗೆಯೇ ಇತ್ತು. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಈ ಗಿಡ ಹೂ ಬಿಟ್ಟ ದಿನ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಅವನು ನಂಬಿದ್ದ. ನಂಬಿಕೆ ಕಳೆದುಹೋದೀತೆಂಬ ಹೆದರಿಕೆಯೂ ಇತ್ತು, ಅದಕ್ಕೇ ಮೊಗ್ಗು ಕಂಡ ದಿನ ಯಾರಿಗೂ ಹೇಳಲಿಲ್ಲ.

ಮೂರನೆಯ ಮಳೆಗಾಲದ ಒಂದು ಬೆಳಿಗ್ಗೆ ಹೂ ಬಿರಿಯಿತು. ಅದೇ ಬಣ್ಣ, ಕಾದ ಬೆಲ್ಲದ ಪಾಕದ ಬಣ್ಣ. ಮುನಿಯಲ್ಲಪ್ಪ ಕೊಯ್ದು ತಂದು ಜಗಲಿಯ ಮೇಲೆ ಕೂತಿದ್ದ ಸಾಕಮ್ಮನ ಮುಂದೆ ಹಿಡಿದ.

“ಮೊದ್ಲನೇ ಹೂವು ದೇವ್ರಿಗೆ” ಎಂದಳು.

“ದೇವ್ರಿಗೆ ಎರಡ್ನೇದು. ಇದು ನೀನು ಮೂಸು.”

ಅವಳು ಅವನ ಮುಖ ನೋಡಿದಳು. ಹೂ ತೆಗೆದುಕೊಂಡು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಕಣ್ಣು ತೆರೆದು, “ಘಮ್ ಅಂತದೆ” ಎಂದಳು.

ನಲವತ್ತೈದು ವರ್ಷ ಜೊತೆಗಿದ್ದವನಿಗೆ ಅಷ್ಟೂ ತಿಳಿಯುವುದಿಲ್ಲವೇ. ಅವನು ಅವಳ ಪಕ್ಕ ಕೂತ. “ಸುಳ್ ಹೇಳ್ಬೇಡ ಸಾಕಿ. ನಂಗೆ ಯಾವತ್ತೋ ಗೊತ್ತು.”

ಸಾಕಮ್ಮ ತಲೆ ತಗ್ಗಿಸಿದಳು. ಅವಳ ಕಣ್ಣೀರು ಸೆರಗಿನ ಮೇಲೆ ಬಿತ್ತು. “ಏನೂ ಬರಾಕಿಲ್ಲ ವೆಂಕಿ ಅಪ್ಪ. ಕಾಗದದ್ ಹೂವು ಮೂಸ್ದಂಗದೆ. ಅಷ್ಟು ದಿನ ಮರದ್ಮೇಲೆ ಕೂತು ತಂದ್ಯಲ್ಲ, ಹೆಂಗ್ ಹೇಳ್ಲಿ ನಿಂಗೆ.”

ಅವಳು ಹೂವನ್ನು ಅವನ ಕೈಗಿಟ್ಟಳು. “ನೀನ್ ಮೂಸು. ಮೂಸಿ ನಂಗೆ ಹೇಳು, ಹೆಂಗದೆ ಅಂತ.”

ಮುನಿಯಲ್ಲಪ್ಪ ಮಾತಿನ ಮನುಷ್ಯನಲ್ಲ. ಹೂ ಮೂಸಿದ, ಮತ್ತೆ ಮೂಸಿದ. “ನಮ್ ಮದ್ವೆ ಆಗಿ ಮೊದ್ಲು ಬಸ್ಸಲ್ ಬಂದ್ವಲ್ಲ” ಎಂದ. “ನೀನು ಅತ್ತೂ ಅತ್ತೂ ಸಾಕಾಗಿ ನನ್ ಭುಜದ್ಮೇಲೆ ನಿದ್ದೆ ಹೋದೆ. ಮುಡೀಲಿ ಇದೇ ಹೂವು. ಆ ಬಸ್ಸಲ್ಲಿ ಡೀಸೆಲ್ ವಾಸ್ನೆ, ಬೀಡಿ ವಾಸ್ನೆ, ಯಾರ್ದೋ ಒಣಮೀನು. ಅದೆಲ್ಲಾ ದಾಟ್ಕಂಡು ಇದೊಂದೇ ಬತ್ತಾ ಇತ್ತು. ಕೈ ಜೋಮು ಹಿಡೀತು, ಅಳ್ಳಾಡಿದ್ರೆ ನೀನ್ ಎದ್ಬುಡ್ತೀಯ ಅಂತ ರಾಯಕೋಟೆ ಬರಾವರ್ಗೂ ಹಂಗೇ ಕೂತಿದ್ದೆ. ಇವ್ಳನ್ನ ಚೆನ್ನಾಗ್ ನೋಡ್ಕೋಬೇಕು ಅಂದ್ಕಂಡೆ. ಅದೇ ವಾಸ್ನೆ ಕಣೇ ಇದು. ಒಂಚೂರೂ ಬದ್ಲಾಗಿಲ್ಲ.”

ಸಾಕಮ್ಮ ಅವನನ್ನೇ ನೋಡುತ್ತಿದ್ದಳು. “ಇದ್ಯಾವುದೂ ನಂಗೆ ಗೊತ್ತೇ ಇಲ್ವಲ್ಲ” ಎಂದಳು. “ಇಷ್ಟು ವರ್ಷ ಒಂದಿನಾನೂ ಹೇಳ್ನಿಲ್ಲ.”

“ನೀನ್ ಕೇಳ್ನಿಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಅವನ ಹತ್ತಿರ ಸರಿದು ಕೂತಳು. ಹೂ ಹಿಡಿದಿದ್ದ ಅವನ ಕೈಯನ್ನು ಅವನ ಮೂಗಿನ ಕಡೆಗೆ ಮೆಲ್ಲಗೆ ತಳ್ಳಿದಳು.

“ಇನ್ನೊಂದ್ಸಲ ಮೂಸು” ಎಂದಳು. “ಇನ್ನೂ ಏನೇನದೆ, ಹೇಳು.”